ಗೋಂದಿನ ಪಟಕ್ಕೆ ಎಷ್ಟು ನಿಮಿಷ ಬಿಸಿಲು?

ನೀರು ಸರಬರಾಜು ಕಚೇರಿಯ ದೂರು ಗುಮಾಸ್ತರ ಬಾಯಿ ಯಾವಾಗಲೂ ಅವರ ತಲೆಗಿಂತ ಎರಡು ಹೆಜ್ಜೆ ಮುಂದೆ ಇರುತ್ತಿತ್ತು. ತಲೆ ಏದುಸಿರು ಬಿಡುತ್ತಾ ಓಡಿಬಂದು ಸೇರಿಕೊಳ್ಳುವ ಹೊತ್ತಿಗೆ ಬಾಯಿ ಒಪ್ಪಿಕೊಳ್ಳಬಾರದ್ದನ್ನೆಲ್ಲ ಒಪ್ಪಿಕೊಂಡು, ಎದುರಿಗಿದ್ದವರ ಕೈಕುಲುಕಿ, ಮುಗಿಸಿಬಿಟ್ಟಿರುತ್ತಿತ್ತು. ಮನುಷ್ಯ ಕೆಟ್ಟವರಲ್ಲ. ಇಪ್ಪತ್ತೆರಡು ವರ್ಷ ಊರಿನವರ ಬೈಗುಳವನ್ನು ದುಂಡಗಿನ ಅಕ್ಷರದಲ್ಲಿ ದಾಖಲೆ ಮಾಡಿ, ಒಂದಕ್ಕೂ ಎದುರುತ್ತರ ಕೊಡದವರು. ಆದರೆ ಯಾರಾದರೂ "ಇದು ಯಾರಿಗೆ ಬರುತ್ತೆ?" ಅಂದರೆ ಸಾಕು, ಅವರ ಕೈ ತನ್ನಷ್ಟಕ್ಕೆ ಮೇಲೆ ಏಳುತ್ತಿತ್ತು.

ಆ ದಿನವೂ ಹಾಗೇ ಎದ್ದಿತು.

ಕಚೇರಿಯಲ್ಲಿ ವಾಲ್ವಿನಣ್ಣನ ಬೀಳ್ಕೊಡುಗೆಯ ಮಾತು ನಡೆದಿತ್ತು. ವಾಲ್ವಿನಣ್ಣ ಅಂದರೆ ಬೀದಿ ಬೀದಿಯ ಕಬ್ಬಿಣದ ಮುಚ್ಚಳ ಎತ್ತಿ, ಎದೆಯೆತ್ತರದ ಕೀಲಿಕೋಲು ಇಳಿಸಿ, ಮನೆಮನೆಗೆ ನೀರು ಬಿಡುವವರು. ಮೂವತ್ತಾರು ವರ್ಷದಿಂದ ಅದೇ ಕೆಲಸ. ಕೋಲಿನ ತುದಿಗೆ ಕಿವಿ ಇಟ್ಟು, ಕಣ್ಣು ಮುಚ್ಚಿ, "ಮೂರನೇ ಅಡ್ಡರಸ್ತೆಯಲ್ಲಿ ಸೋರ್ತಾ ಇದೆ" ಅಂದರೆ ಅಲ್ಲಿ ಸೋರುತ್ತಲೇ ಇರುತ್ತಿತ್ತು. ಇಲಾಖೆ ಒಮ್ಮೆ ಸೋರಿಕೆ ಹುಡುಕುವ ಯಂತ್ರ ತರಿಸಿತ್ತು. ಆ ಯಂತ್ರ ಸರಿಯಾಗಿದೆಯೋ ಇಲ್ಲವೋ ಅಂತ ನೋಡುವುದಕ್ಕೂ ವಾಲ್ವಿನಣ್ಣನನ್ನೇ ಕರೆಯಬೇಕಾಗಿ ಬಂದು, ಕೊನೆಗೆ ಯಂತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ಯಾರ ಮೊಬೈಲಲ್ಲಾದರೂ ಅವರದೊಂದು ಫೋಟೋ ಇದ್ದರೆ ದೊಡ್ಡದು ಮಾಡಿಸಿ ಕಟ್ಟು ಹಾಕಿಸೋಣ," ಅಂದರು ಇಂಜಿನಿಯರ್ ಮೇಡಂ.

"ನನ್ನ ಹತ್ತಿರ ಇದೆ ಮೇಡಂ," ಅಂದರು ಗುಮಾಸ್ತರು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. "ಆದರೆ ಸ್ಟುಡಿಯೋ ಫೋಟೋ ನಾಲ್ಕು ದಿನಕ್ಕೆ ಮಾಸುತ್ತೆ. ಹಳೇ ಕಾಲದಲ್ಲಿ ಗೋಂದಿನಲ್ಲಿ ಪಟ ತೆಗೀತಿದ್ದರು. ಗೋಂದು, ಬಣ್ಣ, ಬಿಸಿಲು, ಅಷ್ಟೇ. ಮುಟ್ಟಿ ನೋಡೋ ಹಾಗಿರುತ್ತೆ. ನೂರಾರು ವರ್ಷ ಬಾಳಿಕೆ. ನಮ್ಮ ವಾಲ್ವಿನಣ್ಣನಿಗೆ ಅಂಥದ್ದೇ ಆಗಬೇಕು."

ಮೇಡಂ ಪೆನ್ನು ಕೈಗೆತ್ತಿಕೊಂಡರು.

"ನಿಮಗೆ ಮಾಡೋಕೆ ಬರುತ್ತಾ?"

"ಬರುತ್ತೆ ಮೇಡಂ."

ತಲೆ ಓಡಿಬಂದು ತಲುಪಿದಾಗ ಮೇಡಂ ಆಗಲೇ "ಬೀಳ್ಕೊಡುಗೆ ಇನ್ನು ಇಪ್ಪತ್ತೆರಡು ದಿನಕ್ಕೆ. ಪಟ: ಗುಮಾಸ್ತರು" ಅಂತ ಟಿಪ್ಪಣಿ ಬರೆದು, ಕೆಳಗೆ ಗೆರೆ ಎಳೆದಾಗಿತ್ತು.

ಗುಮಾಸ್ತರಿಗೆ ಗೊತ್ತಿದ್ದದ್ದು ಇಷ್ಟೇ: ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಕೂತಿದ್ದಾಗ ಒಂದು ಹಳೆಯ ಪತ್ರಿಕೆಯಲ್ಲಿ ಈ ವಿದ್ಯೆಯ ಬಗ್ಗೆ ಎರಡು ಪುಟ ಓದಿದ್ದರು. ಮರುದಿನ ಹೋಗಿ, ಏನೂ ನೋಯದ ಹಲ್ಲನ್ನು ತೋರಿಸಿ, ಆ ಪತ್ರಿಕೆಯನ್ನು ಕೇಳಿ ತಂದರು. ವಿಧಾನ ಸರಳವಾಗಿಯೇ ಇತ್ತು. ಜೆಲಾಟಿನ್ ನೀರಿನಲ್ಲಿ ಅದ್ದಿ ಒಣಗಿಸಿದ ದಪ್ಪ ಡ್ರಾಯಿಂಗ್ ಕಾಗದ. ಅದರ ಮೇಲೆ ಅರಬ್ಬಿ ಗೋಂದು, ನೀರುಬಣ್ಣ ಮತ್ತು ಬೈಕ್ರೋಮೇಟ್ ಎಂಬ ಕಿತ್ತಳೆ ಬಣ್ಣದ ಹರಳಿನ ದ್ರಾವಣ ಬೆರೆಸಿ ಬಳಿಯಬೇಕು. ಕತ್ತಲಲ್ಲಿ ಒಣಗಿಸಬೇಕು. ಪಟದಷ್ಟೇ ದೊಡ್ಡ ನೆಗೆಟಿವ್ ಅದರ ಮೇಲಿಟ್ಟು, ಗಾಜು ಮುಚ್ಚಿ, ಬಿಸಿಲಿಗೆ ಇಡಬೇಕು. ಬಿಸಿಲು ತಾಗಿದ ಕಡೆ ಗೋಂದು ಗಟ್ಟಿಯಾಗಿ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ತಾಗದ ಕಡೆ ನೀರಿನಲ್ಲಿ ಬಿಟ್ಟುಹೋಗುತ್ತದೆ. ಉಳಿದದ್ದೇ ಪಟ.

ಎಷ್ಟು ಹೊತ್ತು ಬಿಸಿಲು? ಪತ್ರಿಕೆ ಸ್ಪಷ್ಟವಾಗಿ ಹೇಳಿತ್ತು: "ಸೂಕ್ತ ಸಮಯದವರೆಗೆ."

ಗುಮಾಸ್ತರು ಆ ಪದವನ್ನು ಓದಿ ಕುರ್ಚಿಗೆ ಒರಗಿದರು. ಇಪ್ಪತ್ತೆರಡು ವರ್ಷದಿಂದ ಪ್ರತಿ ದೂರಿಗೂ "ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಅಂತ ಉತ್ತರ ಬರೆದವರು ಅವರು. ಆ ಪದದ ಒಳಗೆ ಏನೂ ಇರುವುದಿಲ್ಲ ಅನ್ನುವುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವರ ಹೆಂಡತಿ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಇದ್ದವರು. ಗಂಡನ ಹುಚ್ಚುಗಳನ್ನು ತಡೆಯುವ ಕೆಲಸ ಮದುವೆಯಾದ ಎರಡನೇ ವರ್ಷವೇ ಬಿಟ್ಟು, ಅವುಗಳಿಂದ ಯಾರೂ ಸಾಯದ ಹಾಗೆ ನೋಡಿಕೊಳ್ಳುವ ಕೆಲಸ ಹಿಡಿದುಕೊಂಡಿದ್ದರು. ಕಿತ್ತಳೆ ಹರಳಿನ ಬಾಟಲಿಯ ಚೀಟಿಯನ್ನು ಎರಡು ಸಲ ಓದಿದರು.

"ರೀ, ಇದು ವಿಷ. ಅಡುಗೆಮನೆಗೆ ತರೋ ಹಾಗಿಲ್ಲ. ರಬ್ಬರ್ ಕೈಗವಸು ಇಲ್ಲದೆ ಮುಟ್ಟೋ ಹಾಗಿಲ್ಲ. ತೊಳೆದ ನೀರು ಮೋರಿಗೆ ಚೆಲ್ಲೋ ಹಾಗಿಲ್ಲ, ಈ ಕ್ಯಾನಿಗೆ ತುಂಬಿಸಿ, ಆಸ್ಪತ್ರೆಯ ರಾಸಾಯನಿಕ ಕಸದವರಿಗೆ ನಾನು ಕೊಟ್ಟುಬರ್ತೀನಿ. ಎಲ್ಲಾ ಮಹಡಿ ಮೇಲೇ ಆಗಬೇಕು. ಕೇಳಿಸ್ತಾ?"

"ಕೇಳಿಸ್ತು."

"ಕೇಳಿಸಿದ್ದನ್ನು ಹೇಳಿ ನೋಡೋಣ."

ಹೇಳಿದರು. ಒಂದು ತಪ್ಪಿತು. ಮತ್ತೆ ಹೇಳಿಸಿದರು.

ಭಾನುವಾರ ಬೆಳಿಗ್ಗೆ ಮಹಡಿಯ ಮೇಲೆ ಮೊದಲ ಪಟ. ಫೋಟೋ ಒಳ್ಳೆಯದಿತ್ತು, ವಾಲ್ವಿನಣ್ಣ ಕೋಲಿಗೆ ಕಿವಿಯಿಟ್ಟು ಕಣ್ಣು ಮುಚ್ಚಿ ನಿಂತದ್ದನ್ನು ಗುಮಾಸ್ತರು ಒಮ್ಮೆ ಕಿಟಕಿಯಿಂದ ತೆಗೆದಿದ್ದರು. ಅದರ ನೆಗೆಟಿವನ್ನು ಝೆರಾಕ್ಸ್ ಅಂಗಡಿಯಲ್ಲಿ ಪಾರದರ್ಶಕ ಹಾಳೆಯ ಮೇಲೆ ತೆಗೆಸಿಕೊಂಡು ಬಂದಿದ್ದರು. ಎರಡು ನಿಮಿಷ ಬಿಸಿಲಿಗಿಟ್ಟು, ತಟ್ಟೆಯ ನೀರಿನಲ್ಲಿ ತೇಲಿಬಿಟ್ಟರು. ವಾಲ್ವಿನಣ್ಣ ಮಸುಕಾಗಿ ಮೂಡಿದರು. "ಬಂದ! ಬಂದ!" ಅಂತ ಗುಮಾಸ್ತರು ಕೂಗುವಷ್ಟರಲ್ಲಿ ಮೀಸೆ ಜಾರಿತು, ಭುಜ ಕರಗಿತು, ನೋಡನೋಡುತ್ತಿದ್ದಂತೆ ಮೂವತ್ತಾರು ವರ್ಷದ ಸೇವೆ ಪೂರ್ತಿ ನೀರುಪಾಲಾಗಿ ಬಿಳಿ ಕಾಗದ ಉಳಿಯಿತು.

ಎರಡನೆಯದನ್ನು ಅರ್ಧ ಗಂಟೆ ಇಟ್ಟರು. ಅದರಲ್ಲಿ ವಾಲ್ವಿನಣ್ಣ ಬರಲೂ ಇಲ್ಲ, ಹೋಗಲೂ ಇಲ್ಲ. ಎಷ್ಟು ತೊಳೆದರೂ ಕಾಗದ ಹಂಚಿನ ತಳದ ಹಾಗೆ ಕಪ್ಪಗೆ ಕೂತಿತ್ತು.

"ಬರೆದಿಟ್ಟುಕೊಳ್ಳಿ," ಅಂದರು ಹೆಂಡತಿ. "ಎಷ್ಟು ಹೊತ್ತು ಇಟ್ಟಿರಿ, ಏನಾಯ್ತು ಅಂತ. ಕಣ್ಣಿಗೆ ಕಾಣೋ ಹಾಗೆ ಬರೀರಿ, ಇಲ್ಲದಿದ್ದರೆ ಮರೀತೀರ."

ಸರಿಯಾದ ಮಾತು. ಗುಮಾಸ್ತರು ಸುತ್ತ ನೋಡಿದರು. ಪುಸ್ತಕಕ್ಕೆ ಕೆಳಗಿಳಿಯಬೇಕು, ಕೈತುಂಬ ಗೋಂದು. ಎದುರಿಗೇ ದೊಡ್ಡ ಕರೀ ನೀರಿನ ಟ್ಯಾಂಕು, ಪಕ್ಕದಲ್ಲೇ ಸೀಮೆಸುಣ್ಣದ ತುಂಡು. ಟ್ಯಾಂಕಿನ ಹೊಟ್ಟೆಯ ಮೇಲೆ ತಮ್ಮ ದುಂಡು ಅಕ್ಷರದಲ್ಲಿ ದೊಡ್ಡದಾಗಿ ಬರೆದರು: "ಬೆ. 9 – 2 ನಿ. ಸಾಲದು."

ಅಕ್ಷರ ಬಹಳ ಚೆನ್ನಾಗಿ ಬಂದಿತ್ತು. ಬೀದಿಯ ಆ ತುದಿಯಿಂದಲೂ ಓದಬಹುದಾಗಿತ್ತು.

ಎದುರುಮನೆಯ ಮೇಲಿನ ಮಹಡಿಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯಿನಿ ಇದ್ದರು. ಬೀದಿಗೆಲ್ಲ ಹೆಡ್ ಮಿಸ್. ಬರೆದದ್ದು ಎಲ್ಲಿದ್ದರೂ ಓದಿ, ತಪ್ಪು ತಿದ್ದುವುದು ಅವರ ಸ್ವಭಾವ. ಕನ್ನಡಕ ಏರಿಸಿ ಓದಿದರು. ನೀರಿನ ಇಲಾಖೆಯವರ ಮನೆ. ಅವರ ನೀರಿನ ಟ್ಯಾಂಕು. ಅದರ ಮೇಲೆ ಗಂಟೆ, ನಿಮಿಷ. ಇದರಲ್ಲಿ ಯೋಚಿಸುವಂಥದ್ದು ಏನಿದೆ? ಬೆಳಿಗ್ಗೆ ಒಂಬತ್ತಕ್ಕೆ ಎರಡೇ ನಿಮಿಷ ನೀರು. ಸಾಲದು ಅಂತ ಸ್ವತಃ ಇಲಾಖೆಯವರೇ ಒಪ್ಪಿಕೊಂಡಿದ್ದಾರೆ!

ಮಿಸ್ ಇದನ್ನು ಕೆಳಗಿನ ಇಸ್ತ್ರಿ ಅಂಗಡಿಯವರಿಗೆ ಹೇಳಿದರು. ಇಸ್ತ್ರಿಯವರಿಗೆ ಹೇಳಿದ ಮೇಲೆ ಬೇರೆ ಯಾರಿಗೂ ಹೇಳುವ ಅಗತ್ಯವಿರಲಿಲ್ಲ. ಮರುದಿನ ಟ್ಯಾಂಕಿನ ಮೇಲೆ "ಬೆ. 9 – 6 ನಿ. ಪರವಾಗಿಲ್ಲ" ಅಂತ ಬಂದಾಗ ಬೀದಿಯಲ್ಲಿ ನೆಮ್ಮದಿಯ ನಿಟ್ಟುಸಿರು ಕೇಳಿಸಿತು. "ಮ. 1 – 11 ನಿ. ಜಾಸ್ತಿಯಾಯ್ತು" ಅಂತ ಬಂದ ದಿನ ಇಸ್ತ್ರಿಯವರು ಊರಿನವರ ಕಂಬಳಿಗಳನ್ನೆಲ್ಲ ಒಟ್ಟಿಗೆ ನೆನೆಹಾಕಿದರು. ಆ ದಿನ ಯಾವುದೋ ಪಂಪು ರಿಪೇರಿಯಾಗಿ ಮಧ್ಯಾಹ್ನವಿಡೀ ನಲ್ಲಿಯಲ್ಲಿ ನೀರು ಸುರಿಯಿತು. ಅಲ್ಲಿಗೆ ಟ್ಯಾಂಕಿನ ಮಾತೇ ಕೊನೆಯ ಮಾತಾಯಿತು.

ಮಿಸ್ ಖುದ್ದಾಗಿ ಬೀದಿಯಲ್ಲಿ ಗುಮಾಸ್ತರನ್ನು ತಡೆದು ನಿಲ್ಲಿಸಿದರು. ಹತ್ತು ವರ್ಷದಲ್ಲಿ ಅವರು ಗುಮಾಸ್ತರನ್ನು ಮಾತನಾಡಿಸಿದ್ದು ಅದೇ ಮೊದಲು.

"ನಿಮ್ಮ ಟ್ಯಾಂಕಿನ ಮೇಲೆ ಬರೀತೀರಲ್ಲ, ಅದು ಎಷ್ಟರಮಟ್ಟಿಗೆ ನಂಬಬಹುದು?"

ಗುಮಾಸ್ತರ ಎದೆ ಉಬ್ಬಿತು. "ನೂರಕ್ಕೆ ನೂರು ಮಿಸ್. ನಾನೇ ನಿಂತು, ಗಡಿಯಾರ ಹಿಡಿದು, ನೋಡಿ ಬರೆದದ್ದು."

"ದಿನಾ ಯಾಕೆ ಬದಲಾಗುತ್ತೆ?"

"ಎಲ್ಲಾ ಸೂರ್ಯನ ಮೇಲೆ ನಿಂತಿದೆ ಮಿಸ್. ಬಿಸಿಲು ಖಡಕ್ಕಾಗಿದ್ದರೆ ನಿಮಿಷ ಕಮ್ಮಿ. ಮೋಡ ಇದ್ದರೆ ಜಾಸ್ತಿ."

ಮಿಸ್ ಒಂದು ಕ್ಷಣ ಯೋಚಿಸಿದರು. ಬಿಸಿಲಿದ್ದರೆ ಕೆರೆ ಆರುತ್ತದೆ, ನೀರು ಕಮ್ಮಿ. ಮೋಡವಿದ್ದರೆ ಜಾಸ್ತಿ. ಎಷ್ಟು ಸರಿಯಾದ ಪದ್ಧತಿ! "ಇದನ್ನು ಇಲಾಖೆಯಲ್ಲಿ ಯಾರು ಕಂಡುಹಿಡಿದದ್ದು?"

"ಇಲಾಖೆಗೆ ಇದರ ಗಂಧಗಾಳಿ ಇಲ್ಲ. ನಾನೊಬ್ಬನೇ ಮಾಡ್ತಿರೋದು. ದಯವಿಟ್ಟು ಕಚೇರಿಯಲ್ಲಿ ಹೇಳಬೇಡಿ, ಇನ್ನೂ ಕೈ ಕುದುರಿಲ್ಲ."

ಮಿಸ್ ಕಣ್ಣಲ್ಲಿ ನೀರು ಬಂದದ್ದೊಂದು ಬಾಕಿ. ಇಲಾಖೆಗೆ ಗೊತ್ತಿಲ್ಲದ ಹಾಗೆ, ಜನರ ಒಳ್ಳೆಯದಕ್ಕಾಗಿ, ಒಬ್ಬನೇ ಒಬ್ಬ ಪ್ರಾಮಾಣಿಕ ನೌಕರ! ಅಂದಿನಿಂದ ಗುಮಾಸ್ತರು ಬೀದಿಯಲ್ಲಿ ನಡೆದರೆ ಕಟ್ಟೆಯ ಮೇಲೆ ಕೂತವರು ಎದ್ದು ನಿಲ್ಲತೊಡಗಿದರು. ಇಸ್ತ್ರಿಯವರು ಕರೆದು ಅಂಗಿಗೆ ಗಂಜಿ ಹಾಕಿಕೊಟ್ಟರು. ಗುಮಾಸ್ತರು ಮನೆಗೆ ಬಂದು, "ನೋಡಿದೆಯಾ, ಕಲೆಗೆ ಈಗಲೂ ಮರ್ಯಾದೆ ಇದೆ," ಅಂತ ಹೆಂಡತಿಗೆ ಹೇಳಿದರು. ಹೆಂಡತಿ ಗಂಜಿ ಹಾಕಿದ ಅಂಗಿಯನ್ನು ಅನುಮಾನದಿಂದ ನೋಡಿದರು.

ಮರ್ಯಾದೆ ಬೆಳೆಯಿತೇ ಹೊರತು ಪಟ ಮಾತ್ರ ಸರಿಹೋಗಲಿಲ್ಲ. ಒಂದು ದಿನ ಬಣ್ಣ ಜಾಸ್ತಿ ಅನಿಸಿ ಕಮ್ಮಿ ಮಾಡಿದರು, ಜೊತೆಗೇ ಗೋಂದು ಹೆಚ್ಚಿಸಿದರು, ಜೊತೆಗೇ ಬೇರೆ ಅಂಗಡಿಯ ಕಾಗದ ತಂದರು, ಜೊತೆಗೇ ಎರಡು ನಿಮಿಷ ಕಳೆದರು. ಇನ್ನೊಂದು ದಿನ ಎಲ್ಲವನ್ನೂ ತಿರುಗುಮುರುಗು ಮಾಡಿದರು. ಹಿಂದಿನ ವಾರ ಬಳಿದಿಟ್ಟಿದ್ದ ಕಾಗದವೊಂದು ಕತ್ತಲಲ್ಲಿ ಇದ್ದಲ್ಲೇ ಗಟ್ಟಿಯಾಗಿ ಕೂತು, ಬಿಸಿಲು ಕಾಣದೆಯೇ ಕಪ್ಪಾಯಿತು. ಒಂದರಲ್ಲಿ ಕೋಲು ಬಂತು, ಮನುಷ್ಯ ಬರಲಿಲ್ಲ. ಒಂದರಲ್ಲಿ ಮನುಷ್ಯ ಬಂದ, ಮುಖಕ್ಕೆ ಕಾಮಾಲೆ. ಬೀಳ್ಕೊಡುಗೆಗೆ ನಾಲ್ಕು ದಿನ ಉಳಿದಿದ್ದಾಗ ಮಹಡಿಯ ಬಟ್ಟೆ ಒಣಹಾಕುವ ಹಗ್ಗದ ಮೇಲೆ ಮೂವತ್ತೊಂದು ವಾಲ್ವಿನಣ್ಣಂದಿರು ಕ್ಲಿಪ್ಪಿಗೆ ನೇತಾಡುತ್ತಿದ್ದರು. ಒಬ್ಬರ ಹಾಗೆ ಒಬ್ಬರಿಲ್ಲ.

ಆ ಮಧ್ಯಾಹ್ನ ಗುಮಾಸ್ತರು ಬೇಸತ್ತು ಟ್ಯಾಂಕಿನ ಮೇಲೆ ಬರೆದರು: "ಇವತ್ತು ಎಲ್ಲಾ ಕಪ್ಪು. ನೀರಲ್ಲಿ ಬಿಡಲೇ ಇಲ್ಲ." ಕೊನೆಗೆ ಒಂದು ಪೈಪು ಅಡ್ಡ ಬಂದು, ಎದುರುಮನೆಗೆ "ಇವತ್ತು ಎಲ್ಲಾ ಕಪ್ಪು ನೀರು" ಅಂತಷ್ಟೇ ಕಾಣುತ್ತಿತ್ತು. ಆಗಲೇ ಹೆಂಡತಿ ಮೇಲೆ ಬಂದು, ಗಂಡನ ಬರಿಗೈ ನೋಡಿ ಕೆರಳಿದರು.

"ಕೈಗವಸೆಲ್ಲಿ? ಎಷ್ಟು ಸಲ ಹೇಳಬೇಕು? ಬಾಟಲಿ ಇಟ್ಟಲ್ಲಿ ದೊಡ್ಡದಾಗಿ ಬರೀರಿ ಅಂದಿದ್ದೆನಲ್ಲ!"

ಬಾಟಲಿ ಇದ್ದದ್ದು ಟ್ಯಾಂಕಿನ ಬುಡದಲ್ಲಿ. ಗುಮಾಸ್ತರು ಹೆಂಡತಿಯ ಮಾತನ್ನು ಅಕ್ಷರಶಃ ಪಾಲಿಸಿದರು. ಮೊದಲ ಸಾಲಿನ ಕೆಳಗೇ, ಅದಕ್ಕಿಂತ ದಪ್ಪಗೆ: "ವಿಷ! ಬರಿಗೈಯಲ್ಲಿ ಮುಟ್ಟಬೇಡಿ!"

ಆಮೇಲೆ ಕೈ ತೊಳೆದು ಕಚೇರಿಗೆ ಹೋಗಿ, ದೂರಿನ ಕಿಟಕಿ ತೆರೆದು ಕೂತರು.

ಅರ್ಧ ಗಂಟೆಯೊಳಗೆ ಕಿಟಕಿಯ ಮುಂದೆ ಅವರ ಬೀದಿಗೆ ಬೀದಿಯೇ ನಿಂತಿತ್ತು. ಎಲ್ಲರಿಗಿಂತ ಮುಂದೆ ಹೆಡ್ ಮಿಸ್, ಕೈಯಲ್ಲಿ ಬಾಟಲಿಯೊಂದರಲ್ಲಿ ನಲ್ಲಿನೀರು. ಹಿಂದೆ ಇಸ್ತ್ರಿಯವರು, ಅರ್ಧ ಒಗೆದ ಹೊದಿಕೆ ಹೆಗಲ ಮೇಲೆ.

"ದೂರು ಬರೆದುಕೊಳ್ಳಿ," ಅಂದರು ಮಿಸ್. "ನಿಮ್ಮ ಮೇಲಲ್ಲ. ನೀವು ಚಿನ್ನದಂಥ ಮನುಷ್ಯ. ದೂರು ಇಲಾಖೆಯ ಮೇಲೆ."

ಗುಮಾಸ್ತರು ಎಂದಿನಂತೆ ಪೆನ್ನು ಬಿಚ್ಚಿದರು. "ಹೇಳಿ. ನಿಧಾನವಾಗಿ ಹೇಳಿ."

"ನಮ್ಮ ಬೀದಿಗೆ ಕಪ್ಪು ನೀರು ಬಂದಿದೆ."

"ಕಪ್ಪು… ನೀರು…"

"ನೀರಿನಲ್ಲಿ ವಿಷ ಸೇರಿದೆ."

ಗುಮಾಸ್ತರ ಪೆನ್ನು ನಿಂತಿತು. "ವಿಷವಾ! ಅಯ್ಯೋ, ನಮ್ಮ ಮನೆಯವಳೂ ಅದೇ ನೀರು ಕುಡಿಯೋದು! ಯಾರು ಹೇಳಿದರು ನಿಮಗೆ?"

"ಹೆಸರು ಹೇಳಿದರೆ ಅವರ ಕೆಲಸಕ್ಕೆ ತೊಂದರೆಯಾಗಲ್ವಾ?" ಅಂತ ಕೇಳಿ ಮಿಸ್ ಕಣ್ಣಲ್ಲೇ ಸನ್ನೆ ಮಾಡಿದರು.

"ಏನೂ ಆಗಲ್ಲ. ಆಧಾರ ಇಲ್ಲದೆ ದೂರು ನಿಲ್ಲಲ್ಲ ಮಿಸ್. ಈ ಕಾಲಂ ತುಂಬಲೇಬೇಕು."

"ಹಾಗಾದರೆ ಬರೀರಿ. ಒಂದು ಮನೆಯ ಮಹಡಿಯ ಟ್ಯಾಂಕಿನ ಮೇಲೆ ಇಲಾಖೆಯ ನೌಕರರೇ ಬರೆದಿದ್ದಾರೆ."

"ಮನೆ ನಂಬರು?"

"ಹದಿನೇಳು."

"ಹದಿ…ನೇಳು. ಎಷ್ಟನೇ ಅಡ್ಡರಸ್ತೆ?"

"ಎರಡನೇದು."

ಗುಮಾಸ್ತರು ಅದನ್ನೂ ಬರೆದು, ಶಾಯಿ ಆರಲು ಒತ್ತುಕಾಗದ ಒತ್ತಿ, ಈ ವಿಳಾಸ ಎಲ್ಲೋ ಕೇಳಿದ ಹಾಗಿದೆಯಲ್ಲ ಅಂತ ತಲೆ ಕೆರೆದುಕೊಂಡರು. ನಿತ್ಯ ಸಂಜೆ ತಾವು ಚಪ್ಪಲಿ ಬಿಡುವ ಮನೆಯದು ಅನ್ನುವುದು ಹೊಳೆಯುವ ಹೊತ್ತಿಗೆ ಹಿಂದೆ ನಿಂತಿದ್ದ ಇಂಜಿನಿಯರ್ ಮೇಡಂ ಅವರ ಭುಜದ ಮೇಲಿನಿಂದ ಇಡೀ ಪುಟ ಓದಿ ಮುಗಿಸಿದ್ದರು.

"ಇದು ನಿಮ್ಮ ಮನೆ ಅಲ್ವೇನ್ರೀ?"

"ಹೌದು ಮೇಡಂ."

"ಟ್ಯಾಂಕಿನ ಮೇಲೆ ಬರೆದದ್ದು ನೀವಾ?"

"ಅಕ್ಷರ ನನ್ನದೇ ಮೇಡಂ. ಅರ್ಥ ನನ್ನದಲ್ಲ."

ಮೇಡಂ ಹಲ್ಲು ಕಚ್ಚಿದರು. ನೀರಿನಲ್ಲಿ ವಿಷ ಅಂತ ಸುದ್ದಿ ಹಬ್ಬಿಸಿದರೆ ಅದು ನಗುವ ವಿಷಯವಲ್ಲ. ಗುಮಾಸ್ತರು ಮರುದಿನ ಕಿಟಕಿಯ ಈಚೆ ಇರುತ್ತಾರೋ ಆಚೆ ನಿಂತು ದೂರು ಕೊಡುತ್ತಾರೋ ಹೇಳಲು ಬರುತ್ತಿರಲಿಲ್ಲ. "ಮೊದಲು ಆ ಬೀದಿಯ ವಾಲ್ವ್ ಮುಚ್ಚಿಸಿ," ಅಂತ ಮೇಡಂ ಆಜ್ಞೆ ಮಾಡಿದರು. ವಾಲ್ವಿನಣ್ಣ ಕೋಲು ಹೊತ್ತು ಹೊರಟರು. ಮೇಡಂ ನೀರು ಪರೀಕ್ಷೆಯ ಪೆಟ್ಟಿಗೆ ಹಿಡಿದು ಹೊರಟರು. ಗುಮಾಸ್ತರು ಅವರ ಹಿಂದೆ, ಬೀದಿಯವರೆಲ್ಲ ಗುಮಾಸ್ತರ ಹಿಂದೆ.

ದಾರಿಯಲ್ಲಿ ಇಸ್ತ್ರಿಯವರು ಗುಮಾಸ್ತರ ಕಿವಿಯಲ್ಲಿ, "ಹೆದರಬೇಡಿ ಸಾರ್, ನಿಮ್ಮ ಪರವಾಗಿ ನಾವು ಸಾಕ್ಷಿ ಹೇಳ್ತೀವಿ," ಅಂದರು. ಆ ಸಾಕ್ಷಿಯಿಂದಲೇ ತಮಗೆ ಕುತ್ತು ಅನ್ನುವುದನ್ನು ಗುಮಾಸ್ತರು ಹೇಗೆ ಹೇಳುವುದು?

ಮನೆಯ ಮುಂದೆ ವಾಲ್ವಿನಣ್ಣ ಮುಚ್ಚಳ ಎತ್ತಿ, ಕೋಲು ಇಳಿಸಿ, ಕಿವಿಯಿಟ್ಟರು.

"ನೀರಿಗೇನೂ ಆಗಿಲ್ಲ ಮೇಡಂ," ಅಂದರು. "ಎಂದಿನ ಹಾಗೇ ಹರೀತಿದೆ." ಆದರೂ ಆಜ್ಞೆಯಂತೆ ಮುಚ್ಚಿದರು. ಮೇಡಂ ಮಿಸ್ ತಂದ ಬಾಟಲಿಯ ನೀರಿಗೆ ಔಷಧಿ ಹನಿ ಬಿಟ್ಟು ನೋಡಿದರು. ತಿಳಿಯಾಗಿತ್ತು. ಮನೆಮನೆಯಲ್ಲಿ ತುಂಬಿಟ್ಟ ನೀರು ನೋಡಿದರು. ತಿಳಿಯಾಗಿತ್ತು. ಗುಮಾಸ್ತರ ಟ್ಯಾಂಕು ನೋಡಲು ಎಲ್ಲರೂ ಮಹಡಿ ಹತ್ತಿದರು.

ಹತ್ತಿದವರು ಹತ್ತಿದಲ್ಲೇ ನಿಂತರು. ಹಗ್ಗದ ಮೇಲೆ ಮೂವತ್ತೊಂದು ವಾಲ್ವಿನಣ್ಣಂದಿರು ಗಾಳಿಗೆ ತೂಗುತ್ತಿದ್ದರು. ಅವುಗಳ ಎದುರು ಮೂವತ್ತೆರಡನೆಯವರು, ನಿಜವಾದವರು, ಕೋಲು ಹಿಡಿದು ನಿಂತಿದ್ದರು.

ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಗುಮಾಸ್ತರು ಎಲ್ಲವನ್ನೂ ಹೇಳಿದರು. ಬಾಟಲಿ ತೋರಿಸಿದರು, ತಟ್ಟೆ ತೋರಿಸಿದರು. ಗಲಾಟೆ ಕೇಳಿ ಮೇಲೆ ಬಂದ ಹೆಂಡತಿ ಬೀಗ ಹಾಕಿದ ಕ್ಯಾನು ತೋರಿಸಿ, ಒಂದು ತೊಟ್ಟೂ ಮೋರಿಗೆ ಹೋಗಿಲ್ಲ ಅಂತ ದಿನಾಂಕ ಸಹಿತ ಚೀಟಿ ಓದಿದರು. ಮೇಡಂ ಆ ಚೀಟಿಯನ್ನು ಕೈಗೆ ತೆಗೆದುಕೊಂಡು, "ನಮ್ಮ ಕಚೇರಿಯಲ್ಲಿ ಒಬ್ಬರಾದರೂ ಇಷ್ಟು ಅಚ್ಚುಕಟ್ಟಾಗಿ ಬರೆದಿಟ್ಟಿದ್ದರೆ!" ಅಂದರು. ಕೋಪ ಅರ್ಧ ಇಳಿದದ್ದು ಅಲ್ಲಿ.

ಮಿಸ್ ಮಾತ್ರ ಸಪ್ಪಗಾಗಿದ್ದರು. "ಹಾಗಾದರೆ ಹನ್ನೊಂದು ನಿಮಿಷ…?"

"ಅದು ಬಿಸಿಲಿನ ನಿಮಿಷ ಮಿಸ್."

"ನನ್ನ ಕಂಬಳಿಗಳು!" ಅಂದರು ಇಸ್ತ್ರಿಯವರು.

ವಾಲ್ವಿನಣ್ಣ ಯಾರ ಮಾತನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಹಗ್ಗದ ಈ ತುದಿಯಿಂದ ಆ ತುದಿಗೆ ಒಂದೊಂದೇ ಪಟ ನೋಡುತ್ತಾ ನಡೆದರು. ಮತ್ತೆ ಆ ತುದಿಯಿಂದ ಈ ತುದಿಗೆ.

"ಇದು ಎಷ್ಟು ನಿಮಿಷ?"

"ಆರು."

"ಇದೂ?"

"ಇದೂ ಆರೇ ಅಣ್ಣ. ಆದರೆ ಗೋಂದು ಜಾಸ್ತಿ ಹಾಕಿದ್ದೆ. ಕಾಗದವೂ ಬೇರೆ. ಅವತ್ತು ಮೋಡ ಬೇರೆ ಇತ್ತು."

ವಾಲ್ವಿನಣ್ಣ ನಕ್ಕರು. "ಗುಮಾಸ್ತ್ರೇ, ಒಂದು ಬೀದಿಗೆ ನೀರು ಬರ್ತಿಲ್ಲ ಅಂತ ನಾನು ಮೂರು ವಾಲ್ವ್ ಒಟ್ಟಿಗೆ ತಿರುಗಿಸಿದರೆ, ನೀರು ಬಂದ ಮೇಲೆ ಯಾವುದರಿಂದ ಬಂತು ಅಂತ ನನಗೆ ಗೊತ್ತಾಗೋದು ಹೇಗೆ? ನಾಳೆ ಮತ್ತೆ ನಿಂತರೆ ಎಲ್ಲಿಗೆ ಹೋಗಲಿ? ಒಂದನ್ನು ಹಿಡೀರಿ. ಅದನ್ನೇ ಅರ್ಧ ಸುತ್ತು ತಿರುಗಿಸಿ. ನಿಂತು ಕೇಳಿ. ಆಮೇಲೆ ಇನ್ನರ್ಧ ಸುತ್ತು. ಮಿಕ್ಕಿದ್ದನ್ನು ಮುಟ್ಟಬಾರದು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೀಗೇ ಕಲಿತದ್ದು. ಊರು ಎರಡು ವರ್ಷ ನನ್ನನ್ನು ಬೈದಿದೆ."

ಮೂವತ್ತಾರು ವರ್ಷ ತಮ್ಮ ನಲ್ಲಿಗೆ ನೀರು ಹೇಗೆ ಬಂತು ಅಂತ ಆ ಬೀದಿಯವರು ಯಾರೂ ಕೇಳಿರಲಿಲ್ಲ. ಬಾರದಿದ್ದಾಗ ಮಾತ್ರ ಕೇಳಿದ್ದರು.

"ಇವತ್ತಿನ ಕಾಗದ ಇನ್ನೊಂದಿದೆಯಾ?" ಅಂದರು ವಾಲ್ವಿನಣ್ಣ.

ಇತ್ತು. ಬೆಳಿಗ್ಗೆ ಬಳಿದು ಒಣಗಿಸಿದ ಒಂದು ಹಾಳೆ, ಕಪ್ಪು ಚೀಲದಲ್ಲಿ. ವಾಲ್ವಿನಣ್ಣ ಹೇಳಿದಂತೆ ಅದರಿಂದ ಒಂದು ಉದ್ದದ ಪಟ್ಟಿ ಕತ್ತರಿಸಿ, ನೆಗೆಟಿವ್ ಹೊದಿಸಿ, ಗಾಜು ಮುಚ್ಚಿದರು. ಮೇಡಂ ಮೊಬೈಲಿನ ಗಡಿಯಾರ ಹಿಡಿದರು. ಮಿಸ್‌ಗೆ ರಟ್ಟು ಹಿಡಿಯುವ ಕೆಲಸ. ಅವರು ತಮ್ಮ ಸಪ್ಪೆಮುಖ ಮರೆತು, ಪರೀಕ್ಷೆ ಕೊಠಡಿಯ ಮೇಲ್ವಿಚಾರಕರಂತೆ ಗಾಜಿನ ಪಕ್ಕ ನಿಂತರು.

"ಒಂದು ನಿಮಿಷ," ಅಂದರು ಮೇಡಂ. ಮಿಸ್ ರಟ್ಟಿನಿಂದ ಪಟ್ಟಿಯ ಒಂದು ಅಂಗುಲ ಮುಚ್ಚಿದರು.

"ಎರಡು." ಇನ್ನೊಂದು ಅಂಗುಲ.

ಹೀಗೆ ಎಂಟರವರೆಗೆ. ಒಂದೇ ಪಟ್ಟಿ, ಒಂದೇ ಗೋಂದು, ಒಂದೇ ಬಿಸಿಲು. ಬದಲಾದದ್ದು ನಿಮಿಷ ಮಾತ್ರ. ನಡುವೆ ಇಸ್ತ್ರಿಯವರ ನೆರಳು ಗಾಜಿನ ಮೇಲೆ ಬಿದ್ದಾಗ ಮಿಸ್ "ಏಯ್, ಸರೀರಿ!" ಅಂತ ಗದರಿದ ರಭಸಕ್ಕೆ ಮೇಡಂ ಕೂಡ ಒಂದು ಹೆಜ್ಜೆ ಸರಿದರು.

ಗುಮಾಸ್ತರು ಕೈಗವಸು ತೊಟ್ಟು ಪಟ್ಟಿಯನ್ನು ನೀರಿಗೆ ಬಿಟ್ಟರು, ಮುಖ ಕೆಳಗೆ. ಅರ್ಧ ಗಂಟೆ ಕಾಯಬೇಕು. ಅಷ್ಟು ಜನ ಅಷ್ಟು ಹೊತ್ತು ಒಂದು ತಟ್ಟೆಯ ಸುತ್ತ ಸುಮ್ಮನೆ ಕೂತದ್ದು ಆ ಬೀದಿಯ ಚರಿತ್ರೆಯಲ್ಲೇ ಇಲ್ಲ. ಆಮೇಲೆ ಗುಮಾಸ್ತರು ಮೆಲ್ಲನೆ ಮಗುಚಿದರು.

ಒಂದು, ಎರಡು ನಿಮಿಷದ ಅಂಗುಲಗಳಲ್ಲಿ ಬರೀ ಕಾಗದ. ಮೂರರಲ್ಲಿ ಹೊಗೆಯಂತೆ ಏನೋ. ನಾಲ್ಕರಲ್ಲಿ ಕೋಲಿನ ಅಂಚು. ಐದರಲ್ಲಿ ವಾಲ್ವಿನಣ್ಣನ ಬೆರಳುಗಳು ಬಂದಿದ್ದವು: ಗೆಣ್ಣು, ಉಗುರು, ಕೋಲು ಹಿಡಿದ ಬಿಗಿ, ಎಲ್ಲಾ. ಆರರಿಂದ ಮುಂದೆ ಕಪ್ಪು ಏರುತ್ತಾ ಹೋಗಿ ಎಂಟರಲ್ಲಿ ಕತ್ತಲೆ.

"ಐದು!" ಅಂತ ಬೀದಿಯವರೆಲ್ಲ ಒಟ್ಟಿಗೆ ಕೂಗಿದರು. ಕೆಳಗೆ ಹೋಗುತ್ತಿದ್ದ ಯಾರೋ ತಲೆಯೆತ್ತಿ, "ಐದು ನಿಮಿಷಾನಾ? ಎಷ್ಟು ಹೊತ್ತಿಗೆ?" ಅಂತ ಕೇಳಿ, ಬಿಂದಿಗೆ ತರಲು ಓಡಿದರು. ಆಗ ಮೇಡಂಗೆ ನೆನಪಾಗಿ, "ಅಯ್ಯೋ, ವಾಲ್ವ್ ಮುಚ್ಚಿಸಿದ್ದು ಹಾಗೇ ಇದೆ!" ಅಂದರು. ವಾಲ್ವಿನಣ್ಣ ಇಳಿದುಹೋಗಿ ನೀರು ಬಿಟ್ಟುಬಂದರು.

ಹೋಗುವ ಮುಂಚೆ ಮೇಡಂ ಗುಮಾಸ್ತರನ್ನು ಪಕ್ಕಕ್ಕೆ ಕರೆದರು. "ದೂರು ದಾಖಲಾಗಿಬಿಟ್ಟಿದೆ. ಹರಿದು ಹಾಕೋ ಹಾಗಿಲ್ಲ. ಏನಂತ ಮುಗಿಸ್ತೀರ?"

ಗುಮಾಸ್ತರು ಮರುದಿನ ದಪ್ಪ ಪುಸ್ತಕದಲ್ಲಿ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದರು: "ಸ್ಥಳ ಪರಿಶೀಲಿಸಲಾಯಿತು. ನೀರು ಶುದ್ಧವಾಗಿದೆ. ತಪ್ಪು ಗುಮಾಸ್ತನದು. ಟ್ಯಾಂಕು ಒರೆಸಲಾಗಿದೆ." ಮೇಡಂ ಕೆಳಗೆ ಸಹಿ ಹಾಕಿ, "ಬಾಯಿಗೆ ಸ್ವಲ್ಪ ಬೀಗ ಹಾಕಿಕೊಳ್ಳಿ" ಅಂತ ಬಾಯಲ್ಲೇ ಹೇಳಿ ಬಿಟ್ಟರು.

ಎರಡು ದಿನ ಬಿಟ್ಟು, ಅದೇ ಕಾಗದ, ಅದೇ ಗೋಂದು, ಅದೇ ಹೊತ್ತಿನ ಬಿಸಿಲು. ಐದು ನಿಮಿಷ. ಒಣಗಿದ ಮೇಲೆ ಇನ್ನೊಂದು ಪದರ ಬಳಿದು, ನೆಗೆಟಿವನ್ನು ಕೂದಲೆಳೆಯಷ್ಟೂ ಕದಲದಂತೆ ಮತ್ತೆ ಹೊಂದಿಸಿ, ಮತ್ತೆ ಐದು. ಹೆಂಡತಿ ಎದ್ದೇಳದೆ ಪಕ್ಕದಲ್ಲಿ ಕೂತು, ಗುಮಾಸ್ತರ ಕೈ ಗೋಂದಿನ ಬಾಟಲಿಯ ಕಡೆ ಹೋದಾಗಲೆಲ್ಲ, "ರೀ, ಮುಟ್ಟಬೇಡಿ, ಸರಿಯಾಗಿದೆ," ಅನ್ನುತ್ತಿದ್ದರು.

ಬೀಳ್ಕೊಡುಗೆಯ ದಿನ ಕಚೇರಿಯ ಹಜಾರದಲ್ಲಿ ಕೂರಲು ಜಾಗವಿರಲಿಲ್ಲ. ಇಲಾಖೆಯವರ ಜೊತೆ ಎರಡನೇ ಅಡ್ಡರಸ್ತೆಯವರೂ ಬಂದಿದ್ದರು. ನೀರಿನ ಇಲಾಖೆಯ ಸಭೆಗೆ ಜನ ಬೈಯುವುದಕ್ಕಲ್ಲದೆ ಬಂದದ್ದು ಅದೇ ಮೊದಲಿರಬೇಕು. ಮೇಡಂ ಪಟದ ಹೊದಿಕೆ ತೆಗೆದರು. ಮಣ್ಣುಗಂದು ಬಣ್ಣದಲ್ಲಿ, ಒರಟು ಕಾಗದದ ಮೇಲೆ, ಒಬ್ಬ ಮನುಷ್ಯ ಕಣ್ಣು ಮುಚ್ಚಿ ಭೂಮಿಯ ಒಳಗಿನದನ್ನು ಕೇಳಿಸಿಕೊಳ್ಳುತ್ತಿದ್ದ. ಪಟ ಪೂರ್ತಿ ಸರಿಯಿತ್ತು ಅಂತಲ್ಲ. ಒಂದು ಮೂಲೆಯಲ್ಲಿ ಬ್ರಶ್ಶಿನ ಗೆರೆ ಉಳಿದಿತ್ತು, ಅಂಗಿಯ ಗುಂಡಿಯೊಂದು ಕರಗಿಹೋಗಿತ್ತು. ಯಾರೂ ಅದನ್ನು ನೋಡಲಿಲ್ಲ.

ವಾಲ್ವಿನಣ್ಣ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಕೆಲಸ ಮಾಡುವಾಗ ನಾನು ಹೀಗೆ ಕಾಣ್ತೀನಾ?" ಅಂತ ಮೆಲ್ಲಗೆ ಕೇಳಿದರು. "ನನ್ನ ಹೆಂಡತಿ ಯಾವತ್ತೂ ನಂಬ್ತಿರಲಿಲ್ಲ. ಮನೆಯಲ್ಲಿ ಕರೆದರೂ ಕೇಳಿಸಲ್ಲ, ಬೀದಿಯಲ್ಲಿ ಅದೇನು ಕಿವಿಗೊಟ್ಟು ಕೇಳ್ತೀರೋ ಅನ್ನೋಳು."

ಹಜಾರವೆಲ್ಲ ನಕ್ಕಿತು. ಮೊದಲ ಸಾಲಿನಲ್ಲಿದ್ದ ಅವರ ಹೆಂಡತಿಯೂ ನಕ್ಕು, ಬೇಗ ಮುಖ ಒರೆಸಿಕೊಂಡರು.

ಮುಂದಿನ ಭಾನುವಾರ ಮಧ್ಯಾಹ್ನ ಗುಮಾಸ್ತರ ಮನೆಯ ಬಾಗಿಲು ಬಡಿದ ಸದ್ದಾಯಿತು. ವಾಲ್ವಿನಣ್ಣ. ಕೈಯಲ್ಲಿ ಸ್ವಂತ ರಬ್ಬರ್ ಕೈಗವಸು. "ಮನೆಯಲ್ಲಿ ಕೂತು ಕೂತು ಕೈ ಜೋಮು ಹಿಡೀತು," ಅಂದರು. ಅವರ ಹಿಂದೆಯೇ ಹೆಡ್ ಮಿಸ್, ತಲೆ ನೀಟಾಗಿ ಬಾಚಿ, ಝೆರಾಕ್ಸ್ ಅಂಗಡಿಯಲ್ಲಿ ತೆಗೆಸಿದ ತಮ್ಮದೇ ನೆಗೆಟಿವ್ ಹಿಡಿದು ನಿಂತಿದ್ದರು.

ಮಹಡಿಯ ಮೇಲೆ ವಾಲ್ವಿನಣ್ಣ ನೆಗೆಟಿವನ್ನು ಗಾಜಿನ ಕೆಳಗೆ ಹೊಂದಿಸಿದರು. ಗುಮಾಸ್ತರು ಗಡಿಯಾರ ಹಿಡಿದರು.

"ನನ್ನದಕ್ಕೂ ಐದೇ ನಿಮಿಷಾನಾ?" ಅಂತ ಮಿಸ್ ಕೇಳಿದರು.

"ಐದೇ ಮಿಸ್."

ಮಿಸ್ ಸುತ್ತ ಬೇರೆ ಯಾರೂ ಇಲ್ಲದ್ದನ್ನು ನೋಡಿಕೊಂಡು ದನಿ ತಗ್ಗಿಸಿದರು. "ನಾಲ್ಕು ಮಾಡಿ. ಕಣ್ಣಿನ ಕೆಳಗಿನ ಸುಕ್ಕು ಸ್ವಲ್ಪ ತೊಳೆದುಹೋಗಲಿ."

ಗುಮಾಸ್ತರ ಬಾಯಿ "ಆಗಲಿ ಮಿಸ್" ಅನ್ನಲು ತೆರೆದುಕೊಂಡಿತು. ಅಷ್ಟರಲ್ಲಿ ವಾಲ್ವಿನಣ್ಣ ಗಾಜಿನ ಮೇಲಿಂದ ತಲೆಯೆತ್ತಿದರು.

"ಸುಕ್ಕೊಂದೇ ಹೋಗಲ್ಲ ಮಿಸ್. ಜೊತೆಗೆ ಮೂಗೂ ಹೋಗುತ್ತೆ."

ಮಿಸ್ ಮೂಗು ಮುಟ್ಟಿ ನೋಡಿಕೊಂಡರು.

"ಹಾಗಾದರೆ ಐದೇ ಇಡಿ," ಅಂದರು. "ಸೆಕೆಂಡು ಕೂಡ ಕಮ್ಮಿಯಾಗಬಾರದು."